ಹಿಂದಕ್ಕೆ ಹರಿಯುವ ಮೀಠಿ

ಆಷಾಢದ ಹುಣ್ಣಿಮೆ ಮರುದಿನ, ಬೆಳಿಗ್ಗೆ ಹನ್ನೊಂದೂವರೆಯ ಮುಂಬಯಿ ಲೋಕಲ್ ಗಾಡಿ. ಮಾಹಿಮ್ ದಾಟಿ ಬಾಂದ್ರಾದ ಕಡೆ ಹೋಗುವಾಗ ಅಕ್ಕನ ಮಗಳು ಕಿಟಕಿಯಿಂದ ಕೂಗಿದಳು: "ಮಾವ, ನದಿ ಉಲ್ಟಾ ಹೋಗ್ತಿದೆ!"

ಕೆಳಗೆ ಮೀಠಿ ನದಿ. ಒಂದು ತೆಂಗಿನಕಾಯಿ, ಎರಡು ಪ್ಲಾಸ್ಟಿಕ್ ಬಾಟಲಿ, ಪೂಜೆಯ ಹೂವಿನ ಕಟ್ಟು, ಎಲ್ಲವೂ ಸಮುದ್ರ ಬಿಟ್ಟು ಕುರ್ಲಾದ ಕಡೆ ತೇಲುತ್ತಿದ್ದವು. ನದಿ ಬೆಟ್ಟದಲ್ಲಿ ಹುಟ್ಟಿ ಸಮುದ್ರ ಸೇರುತ್ತದೆ ಎಂದು ಅವಳ ಭೂಗೋಳದ ಪುಸ್ತಕ ಹೇಳುತ್ತದೆ. ಅದು ಸರಿಯೇ. ವಿಹಾರ್ ಮತ್ತು ಪವಾಯಿ ಕೆರೆಗಳ ಕೋಡಿ ನೀರು ಸೇರಿ ಹೊರಟ ಮೀಠಿ, ಸುಮಾರು 18 ಕಿ.ಮೀ. ಹರಿದು ಮಾಹಿಮ್‌ ಖಾಡಿಗೆ, ಎಂದರೆ ಕಡಲು ಒಳನುಗ್ಗಿದ ಕಿರುಚಾಚಿಗೆ, ಬರುತ್ತದೆ. ಆದರೆ ನದಿ ಸಮುದ್ರ ಸೇರುವ ಅಳಿವೆಯಲ್ಲಿ ಸಮುದ್ರದ ಮಾತೂ ನಡೆಯುತ್ತದೆ. ಭರತ (ಉಬ್ಬರ) ಬಂದಾಗ ಕಡಲು ಏರಿ ನದಿಯ ನೀರನ್ನೇ ಒಳಕ್ಕೆ ನೂಕುತ್ತದೆ.

ಭರತಕ್ಕೂ ಭರತಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ದಿನದಿಂದ ದಿನಕ್ಕೆ ಹೊತ್ತು 50 ನಿಮಿಷದಷ್ಟು ತಡವಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವುದರಿಂದ ಎಳೆತ ಕೂಡಿಕೊಂಡು ಒಂದೆರಡು ದಿನದಲ್ಲಿ ದೊಡ್ಡ ಭರತ ಬರುತ್ತದೆ. ಮುಂಬಯಿಯಲ್ಲಿ ಈ ದೊಡ್ಡ ಭರತಗಳು ಮಧ್ಯಾಹ್ನ ಮತ್ತು ನಡುರಾತ್ರಿಯ ಆಸುಪಾಸಿಗೇ ಬರುತ್ತವೆ. ನಾವು ಗಾಡಿಯಲ್ಲಿದ್ದ ಹೊತ್ತು ಅದಕ್ಕೆ ಸರಿಯಾಗಿ ಹೊಂದಿತ್ತು.

ಇಲ್ಲಿನ ನೆರೆಯ ಗುಟ್ಟು ನನ್ನ ಪ್ರಕಾರ ಇದರಲ್ಲೇ ಇದೆ. ನಾವು ಮಳೆಯನ್ನಷ್ಟೇ ಬೈಯುತ್ತೇವೆ, ಗಡಿಯಾರ ನೋಡುವುದಿಲ್ಲ. ಏಳು ದ್ವೀಪಗಳ ನಡುವಿನ ಜೌಗು, ಖಾಡಿಗಳನ್ನು ತುಂಬಿಸಿ ಕಟ್ಟಿದ ಊರು ಇದು. ತಗ್ಗು ಜಾಗಗಳು ಸಮುದ್ರಮಟ್ಟಕ್ಕೆ ತೀರಾ ಹತ್ತಿರ. ಮಳೆನೀರಿನ ನಾಲಾಗಳು ಕಡಲಿಗೆ ತೆರೆಯುವ ಬಾಯಿಗಳಲ್ಲಿ ಹೆಚ್ಚಿನವು ದೊಡ್ಡ ಭರತದ ಮಟ್ಟಕ್ಕಿಂತ ಕೆಳಗಿವೆ. ಭರತದ ಹೊತ್ತಿಗೆ ಆ ಬಾಯಿಗಳ ಬಾಗಿಲು ಮುಚ್ಚದಿದ್ದರೆ ಕಡಲು ಒಳಗೆ ಬರುತ್ತದೆ, ಮುಚ್ಚಿದರೆ ಮಳೆನೀರು ಹೊರಗೆ ಹೋಗುವುದಿಲ್ಲ. ಆಗ ಉಳಿಯುವ ದಾರಿ ಪಂಪು. ಹಾಜಿ ಅಲಿ, ಇರ್ಲಾದಂಥ ಕಡೆ ಪಂಪಿಂಗ್ ಸ್ಟೇಷನ್ ಕಟ್ಟಿದ್ದು ಇದಕ್ಕಾಗಿಯೇ.

2005ರ ಜುಲೈ 26ರಂದು ಸಾಂತಾಕ್ರೂಜ್‌ನ ಮಾಪಕ 24 ಗಂಟೆಯಲ್ಲಿ 944 ಮಿ.ಮೀ. ಮಳೆ ದಾಖಲಿಸಿತು. ಅದೇ ಊರಿನ ದಕ್ಷಿಣ ತುದಿಯ ಕೊಲಾಬಾದಲ್ಲಿ ಬಿದ್ದದ್ದು 75 ಮಿ.ಮೀ.ಗೂ ಕಡಿಮೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. ಹತ್ತಡಿಗೆ ಹತ್ತಡಿಯ ಚಾಳಿನ ಒಂದೇ ಖೋಲಿಯ ಮೇಲೆ ಆ ದಿನ ಸುಮಾರು 8,800 ಲೀಟರ್ ಸುರಿದಿತ್ತು. ಹದಿನೈದು ಲೀಟರಿನ ಬಕೆಟ್ಟಿನಲ್ಲಿ ಅಳೆದರೆ 580ಕ್ಕೂ ಹೆಚ್ಚು. ಊರಿನ ಹಳೆಯ ಗಟಾರಗಳು ಗಂಟೆಗೆ 25 ಮಿ.ಮೀ. ಮಳೆಗೆಂದು ಮಾಡಿದವು. ಅದರ ಮೇಲೆ ಮಳೆ ಜೋರಾದ ಮಧ್ಯಾಹ್ನವೇ ಸುಮಾರು 4.5 ಮೀಟರ್‌ನ ಭರತ. ಮೇಲಿನಿಂದ ಬಂದ ಮೀಠಿಗೆ ಕಡಲು ದಾರಿ ಬಿಡಲಿಲ್ಲ.

ಕಲೀನಾದ ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಅಕ್ಕಿ ಡಬ್ಬಿಯ ಹಿಂದೆ ಆ ನೀರಿನ ಗೆರೆ ಈಗಲೂ ಇದೆ, ನನ್ನ ಸೊಂಟದ ಎತ್ತರಕ್ಕೆ. ಎರಡು ಸಲ ಬಣ್ಣ ಹೊಡೆಸಿದರೂ ಅಷ್ಟು ಪಟ್ಟಿಯನ್ನು ಅಕ್ಕ ಹಾಗೇ ಬಿಟ್ಟಿದ್ದಾಳೆ.

ಹಳಿಯ ಪಕ್ಕದ ಕೆಸರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಉಸಿರಾಟದ ಬೇರುಗಳು ಪೆನ್ಸಿಲ್ ನೆಟ್ಟಂತೆ ಎದ್ದಿರುತ್ತವೆ. ನೀರಿನ ವೇಗ ತಗ್ಗಿಸಿ, ಹೂಳು ಹಿಡಿದು, ಭರತಕ್ಕೆ ಹರಡಿಕೊಳ್ಳಲು ಜಾಗ ಕೊಡುವುದು ಈ ಜೌಗು. ಮೀಠಿಯ ದಡದಲ್ಲಿ ಅದನ್ನು ತುಂಬಿ ಗಾಜಿನ ಕಟ್ಟಡ ಎಬ್ಬಿಸಿದ್ದಕ್ಕೆ ನನಗೆ ಇವತ್ತಿಗೂ ಸಂಕಟವಿದೆ.

ಪಾಲಿಕೆ ಪ್ರತಿ ಮಳೆಗಾಲಕ್ಕೆ 4.5 ಮೀಟರ್ ಮೀರುವ ಭರತದ ದಿನಗಳ ಪಟ್ಟಿ ಕೊಡುತ್ತದೆ. ಅಕ್ಕ ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾಳೆ.

ನಾಲ್ಕೂವರೆಗೆ ವಾಪಸು ಹೊರಟೆವು. ಹುಡುಗಿ ಬಾಗಿಲ ಬಳಿಯ ಕಿಟಕಿಯನ್ನೇ ಹಿಡಿದಳು. ಬೆಳಿಗ್ಗೆ ಮುಳುಗಿದ್ದ ಕೆಸರು ಹೊಳೆಯುತ್ತಿತ್ತು, ಪೆನ್ಸಿಲ್ ಬೇರುಗಳೆಲ್ಲ ಹೊರಗೆ ಬಂದಿದ್ದವು. ಕಸ ಈಗ ಕಡಲಿನ ಕಡೆ ಸಾಗುತ್ತಿತ್ತು. "ನಾಳೆ ಇದೇ ಹೊತ್ತಿಗೆ ಬಂದ್ರೆ ನೀರು ಇನ್ನೂ ಸ್ವಲ್ಪ ಮೇಲಿರುತ್ತೆ ಅಲ್ವಾ ಮಾವ, ಐವತ್ತು ನಿಮಿಷ ಲೇಟು ಅಂದ್ರಲ್ಲ?"