‘ಇನ್‌ಸ್ಟಾಲ್ ಆಯಿತು’ ಎನ್ನುವುದು ಯಾವಾಗ ನಿಜ?

ಉಪಗ್ರಹ ತೆಗೆದ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ತೆರೆದು, ಅದರ ಒಂದೊಂದು ಚುಕ್ಕಿಯೂ ಭೂಮಿಯ ಮೇಲೆ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುವ ಕೆಲಸದ ಹಿಂದೆ ಬಹಳಷ್ಟು ಕಡೆ ಜಿಡಾಲ್ ಎಂಬ ಮುಕ್ತ ತಂತ್ರಾಂಶವಿರುತ್ತದೆ. ಫ್ರಾಂಕ್ ವಾರ್ಮರ್‌ಡ್ಯಾಮ್ 1998ರಲ್ಲಿ ಆರಂಭಿಸಿದ ಈ ಲೈಬ್ರರಿ (ಬೇರೆ ಪ್ರೋಗ್ರಾಂಗಳು ಕರೆದು ಬಳಸುವ ಸಿದ್ಧ ಕೋಡಿನ ಸಂಗ್ರಹ) ಇಂದು ಕ್ಯುಜಿಐಎಸ್‌ನಂಥ ನಕ್ಷೆ ತಂತ್ರಾಂಶಗಳ ಒಳಗೂ ಇದೆ, ಕೆರೆಯ ವಿಸ್ತೀರ್ಣವನ್ನೋ ಕಾಡಿನ ಹರವನ್ನೋ ಅಳೆಯಲು ಸಂಶೋಧಕರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದುಕೊಳ್ಳುವ ಪುಟ್ಟ ಪ್ರೋಗ್ರಾಂಗಳ ಒಳಗೂ ಇದೆ. ಇಷ್ಟು ಉಪಯುಕ್ತವಾದ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸಲು ಹೊರಟ ವಿದ್ಯಾರ್ಥಿ ಅನೇಕ ವೇಳೆ ಅದರ ಗಣಿತದವರೆಗೆ ತಲುಪುವುದೇ ಇಲ್ಲ. ಅನುಸ್ಥಾಪನೆಯ, ಅಂದರೆ ಇನ್‌ಸ್ಟಾಲ್ ಮಾಡುವ ಹಂತದಲ್ಲೇ ಸಿಕ್ಕಿಬೀಳುತ್ತಾನೆ.

ಇದು ಜಿಡಾಲ್ ಒಂದರ ಪಾಡಲ್ಲ. ಜೀವವಿಜ್ಞಾನದ ದತ್ತಾಂಶಗಳನ್ನು ವಿಶ್ಲೇಷಿಸುವ 98 ತಂತ್ರಾಂಶಗಳನ್ನು ಇನ್‌ಸ್ಟಾಲ್ ಮಾಡಲು ಪ್ರಯತ್ನಿಸಿದ ಅಧ್ಯಯನವೊಂದು 2019ರಲ್ಲಿ ‘ಪ್ಲಾಸ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ 49 ಪ್ರತಿಶತ ತಂತ್ರಾಂಶಗಳು ಇನ್‌ಸ್ಟಾಲ್ ಮಾಡಲು ಕಷ್ಟವಾದವು ಎಂದೂ, 28 ಪ್ರತಿಶತ ಇನ್‌ಸ್ಟಾಲ್ ಆಗಲೇ ಇಲ್ಲ ಎಂದೂ ಅದು ವರದಿ ಮಾಡಿತು. ಇವೆಲ್ಲ ಸಂಶೋಧನಾ ಪ್ರಬಂಧಗಳಿಗೆ ಆಧಾರವಾದ ತಂತ್ರಾಂಶಗಳು. ಪ್ರಬಂಧವೊಂದರ ಫಲಿತಾಂಶವನ್ನು ಇನ್ನೊಬ್ಬರು ತಮ್ಮ ಕೈಯಾರೆ ಪರಿಶೀಲಿಸಿ ನೋಡುವಂತಿರಬೇಕು ಎಂಬುದು ವಿಜ್ಞಾನದ ಮೊದಲ ನಿಯಮ. ಅದರ ಲೆಕ್ಕ ಮಾಡಿದ ತಂತ್ರಾಂಶವೇ ಬೇರೆಯವರ ಕಂಪ್ಯೂಟರಿನಲ್ಲಿ ನಡೆಯದಿದ್ದರೆ ಆ ನಿಯಮ ಅಲ್ಲಿಗೇ ಮುರಿದುಬೀಳುತ್ತದೆ. ಆದ್ದರಿಂದ ಅನುಸ್ಥಾಪನೆಯ ಸೂಚನೆಯನ್ನು ಪ್ರಯೋಗದ ವಿಧಾನದಷ್ಟೇ ಜವಾಬ್ದಾರಿಯಿಂದ ಬರೆಯಬೇಕು, ಹಾಗೂ ಅದನ್ನು ಪ್ರಯೋಗದಂತೆಯೇ ಪರೀಕ್ಷೆಗೆ ಒಡ್ಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಜಿಡಾಲ್‌ನಲ್ಲಿ ನಿಜವಾಗಿ ಏನಾಗುತ್ತದೆ ಎಂದು ಹತ್ತಿರದಿಂದ ನೋಡೋಣ. ಅದರಲ್ಲಿ ಎರಡು ಪದರಗಳಿವೆ. ಕೆಳಗಿನದು ಸಿ++ ಭಾಷೆಯಲ್ಲಿ ಬರೆದ ಮೂಲ ಲೈಬ್ರರಿ. ಮೇಲಿನದು ಆ ಲೈಬ್ರರಿಯನ್ನು ಪೈಥಾನ್‌ನಿಂದ ಕರೆಯಲು ಬೇಕಾದ ಬೈಂಡಿಂಗ್. ಉಬುಂಟುವಿನಂಥ ಆಪರೇಟಿಂಗ್ ಸಿಸ್ಟಂನಲ್ಲಿ ಮೂಲ ಲೈಬ್ರರಿ ಆ ವ್ಯವಸ್ಥೆಯದೇ ಭಂಡಾರದಿಂದ ಬರುತ್ತದೆ, ಸಾಮಾನ್ಯವಾಗಿ ಒಂದೆರಡು ಆವೃತ್ತಿಗಳಷ್ಟು ಹಳೆಯದಾಗಿರುತ್ತದೆ. ಬೈಂಡಿಂಗ್ ಮಾತ್ರ ಪೈಥಾನ್‌ನ ಲೈಬ್ರರಿಗಳನ್ನು ತರಿಸಿಕೊಡುವ ಪಿಪ್ ಎಂಬ ಸಾಧನದ ಮೂಲಕ ಬರುತ್ತದೆ, ಮತ್ತು ಆವೃತ್ತಿ ಹೇಳದಿದ್ದರೆ ಪಿಪ್ ತೀರಾ ಹೊಸದನ್ನೇ ತಂದು ನಮ್ಮ ಕಂಪ್ಯೂಟರಿನಲ್ಲಿ ಕಂಪೈಲ್ ಮಾಡಲು, ಅಂದರೆ ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರಲು ಹೊರಡುತ್ತದೆ. ಹೊಸ ಬೈಂಡಿಂಗ್ ಹಳೆಯ ಲೈಬ್ರರಿಯಲ್ಲಿ ಇಲ್ಲದ ಫಂಕ್ಷನ್‌ಗಳನ್ನು ಹುಡುಕುತ್ತದೆ, ಸಿಗುವುದಿಲ್ಲ, ಟರ್ಮಿನಲ್ ತುಂಬ ದೋಷದ ಸಾಲುಗಳು ಬಂದು ಕೆಲಸ ನಿಲ್ಲುತ್ತದೆ. ‘ಪಿಪ್ ಮೂಲಕ ಜಿಡಾಲ್ ಇನ್‌ಸ್ಟಾಲ್ ಮಾಡಿ’ ಎಂಬ ಒಂದೇ ಸಾಲಿನ ಸೂಚನೆಯಲ್ಲಿ ಬಿಟ್ಟುಹೋದ ಸಂಗತಿ ಇದು: ಎರಡೂ ಪದರಗಳ ಆವೃತ್ತಿ ಒಂದಕ್ಕೊಂದು ಹೊಂದಬೇಕು. ಮೂಲ ಲೈಬ್ರರಿಯ ಆವೃತ್ತಿಯನ್ನು ಮೊದಲು ಕೇಳಿ ತಿಳಿದು, ಬೈಂಡಿಂಗನ್ನು ಅದೇ ಸಂಖ್ಯೆಗೆ ಬಿಗಿದು ತರಿಸಬೇಕು.

ಈ ವೈಫಲ್ಯ ಕನಿಷ್ಠ ಎದುರಿಗೆ ಬಂದು ನಿಲ್ಲುತ್ತದೆ. ನನಗೆ ಹೆಚ್ಚು ಅಪಾಯಕಾರಿಯಾಗಿ ತೋರುವುದು ಇನ್ನೊಂದು ಬಗೆಯದು. ಚಿತ್ರದ ಚುಕ್ಕಿಗಳನ್ನು ಸಂಖ್ಯೆಗಳ ಪಟ್ಟಿಯಾಗಿ ಓದಲು ಜಿಡಾಲ್‌ಗೆ ನಂಪೈ ಎಂಬ ಇನ್ನೊಂದು ಲೈಬ್ರರಿಯ ನೆರವು ಬೇಕು. ಬೈಂಡಿಂಗ್ ಕಂಪೈಲ್ ಆಗುವ ಹೊತ್ತಿನಲ್ಲಿ ನಂಪೈ ಅದರ ಕಣ್ಣಿಗೆ ಬೀಳದಿದ್ದರೆ, ಆ ಭಾಗವನ್ನು ಬಿಟ್ಟೇ ಬೈಂಡಿಂಗ್ ತಯಾರಾಗಿಬಿಡುತ್ತದೆ, ಪಿಪ್ ಯಶಸ್ಸಿನ ಸಂದೇಶವನ್ನೂ ತೋರಿಸುತ್ತದೆ. ನಂಪೈ ಕಂಪ್ಯೂಟರಿನಲ್ಲಿ ಇದ್ದರೂ ಹೀಗಾಗಬಹುದು, ಏಕೆಂದರೆ ಈಗಿನ ಪಿಪ್ ಕಂಪೈಲ್ ಮಾಡುವಾಗ ತನ್ನದೇ ಒಂದು ಪ್ರತ್ಯೇಕ ಪರಿಸರವನ್ನು ಕಟ್ಟಿಕೊಳ್ಳುತ್ತದೆ, ಮತ್ತು ಹೊರಗೆ ಇರುವ ಲೈಬ್ರರಿಗಳು ಅದಕ್ಕೆ ಕಾಣುವುದಿಲ್ಲ. ಬಳಕೆದಾರ ಚಿತ್ರವನ್ನು ತೆರೆಯುತ್ತಾನೆ, ಅಗಲ ಎತ್ತರಗಳು ಸರಿಯಾಗಿ ಬರುತ್ತವೆ. ಚುಕ್ಕಿಗಳನ್ನು ಓದಲು ಹೋದಾಗ ಮಾತ್ರ ದೋಷ ಬರುತ್ತದೆ. ಆತ ನಂಪೈಯನ್ನು ಸರಿಪಡಿಸಿ ಜಿಡಾಲನ್ನು ಮತ್ತೆ ಇನ್‌ಸ್ಟಾಲ್ ಮಾಡಿದರೂ ಅದೇ ದೋಷ ಉಳಿಯಬಹುದು, ಏಕೆಂದರೆ ಹಿಂದಿನ ಸಲ ತಯಾರಾಗಿದ್ದ ಅರೆಬರೆ ಬೈಂಡಿಂಗನ್ನು ಪಿಪ್ ತನ್ನ ಕ್ಯಾಶ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಉಳಿಸಿಕೊಂಡು ಅದನ್ನೇ ಮತ್ತೆ ಕೊಟ್ಟಿರುತ್ತದೆ. ಈ ಕಾರಣದಿಂದಲೇ, ಪ್ರತ್ಯೇಕ ಪರಿಸರವೂ ಬೇಡ, ಕ್ಯಾಶ್ ಕೂಡ ಬೇಡ ಎಂದು ಪಿಪ್‌ಗೆ ಹೇಳುವ ಆಯ್ಕೆಗಳನ್ನು ಜಿಡಾಲ್‌ನ ಅಧಿಕೃತ ಸೂಚನೆ ಕೊಡುತ್ತದೆ. ಆ ಉದ್ದನೆಯ ಕಮಾಂಡನ್ನು ಮೊದಲ ಸಲ ನೋಡಿದವರಿಗೆ ಅದು ವಿಚಿತ್ರವಾಗಿ ಕಾಣಬಹುದು, ಆದರೆ ಅದರ ಪ್ರತಿಯೊಂದು ಪದದ ಹಿಂದೆಯೂ ಇಂಥದೊಂದು ಕಾರಣವಿದೆ.

ಹಾಗಾದರೆ ಇನ್‌ಸ್ಟಾಲ್ ಆಯಿತು ಎಂದು ತಿಳಿಯುವುದು ಹೇಗೆ? ‘ಆವೃತ್ತಿಯ ಸಂಖ್ಯೆ ಬಂದರೆ ಎಲ್ಲವೂ ಸರಿ’ ಎಂದು ಎಷ್ಟೋ ಸೂಚನೆಗಳು ಮುಗಿಯುತ್ತವೆ. ಮೇಲಿನ ಅರೆಬರೆ ಬೈಂಡಿಂಗ್ ಕೂಡ ಆವೃತ್ತಿಯ ಸಂಖ್ಯೆಯನ್ನು ಚೆನ್ನಾಗಿಯೇ ಹೇಳುತ್ತದೆ. ಪರೀಕ್ಷೆ ಎಂದರೆ ಉತ್ತರ ಮೊದಲೇ ಗೊತ್ತಿರುವ ಒಂದು ನಿಜವಾದ ಲೆಕ್ಕ. ಉದಾಹರಣೆಗೆ, ಬೆಂಗಳೂರಿನ ಒಂದು ಬಿಂದುವನ್ನು ತೆಗೆದುಕೊಳ್ಳಿ: ಅಕ್ಷಾಂಶ 12.97 ಡಿಗ್ರಿ ಉತ್ತರ, ರೇಖಾಂಶ 77.59 ಡಿಗ್ರಿ ಪೂರ್ವ. ಇದನ್ನು ಇಪಿಎಸ್‌ಜಿ ಎಂಬ ನಿರ್ದೇಶಾಂಕ ಪದ್ಧತಿಗಳ ಪಟ್ಟಿಯಲ್ಲಿ 32643 ಎಂಬ ಸಂಖ್ಯೆಯ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದ ನಿರ್ದೇಶಾಂಕಗಳಿಗೆ ಬದಲಾಯಿಸಿದರೆ, ಪೂರ್ವಕ್ಕೆ ಸುಮಾರು 7,81,000 ಮೀಟರ್, ಉತ್ತರಕ್ಕೆ ಸುಮಾರು 14,35,000 ಮೀಟರ್ ಬರಬೇಕು. ಸೂಚನೆಯ ಕೊನೆಯಲ್ಲಿ ಈ ಎರಡು ಸಂಖ್ಯೆಗಳನ್ನು ಬರೆದಿಟ್ಟರೆ ಓದುಗ ತನ್ನ ಪರದೆಯನ್ನು ಅದರೊಂದಿಗೆ ಹೋಲಿಸಿ ನೋಡಬಹುದು.

ಇದೇ ಬಿಂದುವನ್ನು ಆರಿಸಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇದೆ. 2019ರ ಮೇ ತಿಂಗಳಲ್ಲಿ ಬಂದ ಜಿಡಾಲ್ 3.0ರಿಂದ ಮುಂದಕ್ಕೆ, ಪೈಥಾನ್‌ನಲ್ಲಿ ಈ ಬಗೆಯ ಪರಿವರ್ತನೆ ಮಾಡುವಾಗ ಬೇರೆ ಏನೂ ಹೇಳದಿದ್ದರೆ ಅಕ್ಷಾಂಶವನ್ನೇ ಮೊದಲ ಸಂಖ್ಯೆ ಎಂದು ತಿಳಿಯಲಾಗುತ್ತದೆ. ಅದಕ್ಕಿಂತ ಹಿಂದೆ ರೇಖಾಂಶ ಮೊದಲಾಗಿತ್ತು. ಹಳೆಯ ಕ್ರಮದಲ್ಲಿ ಬರೆದ ಪ್ರೋಗ್ರಾಂ ಹೊಸ ಆವೃತ್ತಿಯಲ್ಲಿ ನಡೆದರೆ ನಮ್ಮ ಬಿಂದು 77.59 ಡಿಗ್ರಿ ಉತ್ತರ, 12.97 ಡಿಗ್ರಿ ಪೂರ್ವ ಎಂದಾಗಿಬಿಡುತ್ತದೆ, ಅಂದರೆ ಬೆಂಗಳೂರು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಪಶ್ಚಿಮದ ಕಡಲಿಗೆ ಹೋಗಿ ಬೀಳುತ್ತದೆ. ಗೊತ್ತಿರುವ ಉತ್ತರ ಎದುರಿಗೆ ಇದ್ದರೆ ಮಾತ್ರ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇದೇ ಲೆಕ್ಕ ಮತ್ತೊಂದು ದೋಷವನ್ನೂ ಹೊರಗೆಳೆಯುತ್ತದೆ. ನಿರ್ದೇಶಾಂಕಗಳ ಪರಿವರ್ತನೆಗೆ ಜಿಡಾಲ್ ನೆಚ್ಚಿಕೊಂಡಿರುವುದು ಪ್ರಾಜ್ ಎಂಬ ಲೈಬ್ರರಿಯನ್ನು. ಅದು ತನ್ನ ದತ್ತಾಂಶದ ಫೈಲನ್ನು ಎಲ್ಲಿ ಹುಡುಕಬೇಕೆಂದು ಹೇಳುವ ಒಂದು ಪರಿಸರ ಚರಾಂಶ (ಪ್ರೋಗ್ರಾಂಗಳೆಲ್ಲ ಓದಬಹುದಾದ ಸೆಟ್ಟಿಂಗ್) ಇದೆ, ಮತ್ತು ಅದೇ ಕಂಪ್ಯೂಟರಿನಲ್ಲಿರುವ ಬೇರೊಂದು ನಕ್ಷೆ ತಂತ್ರಾಂಶ ಅದನ್ನು ಮೊದಲೇ ತನ್ನ ಹಳೆಯ ಫೈಲಿನ ಕಡೆಗೆ ತಿರುಗಿಸಿಟ್ಟಿರಬಹುದು. ಆಗ ಎಲ್ಲವೂ ಇನ್‌ಸ್ಟಾಲ್ ಆಗಿರುತ್ತದೆ, ಆದರೆ ಪರಿವರ್ತನೆ ಮಾತ್ರ ನಡೆಯುವುದಿಲ್ಲ.

ಸೂಚನೆ ಬರೆಯುವವರ ಸ್ವಂತ ಕಂಪ್ಯೂಟರಿನಲ್ಲಿ ಇವುಗಳಲ್ಲಿ ಯಾವುದೂ ಕಾಣಿಸದಿರುವುದು ಸಹಜ. ಕಂಪೈಲರ್, ಹೆಡರ್ ಫೈಲುಗಳು, ನಂಪೈ, ಸರಿಯಾದ ಚರಾಂಶಗಳು ಎಲ್ಲವೂ ವರ್ಷಗಳಿಂದ ಅಲ್ಲಿ ಕುಳಿತಿರುತ್ತವೆ. ಆದ್ದರಿಂದ ಸೂಚನೆಯನ್ನು ಪರೀಕ್ಷಿಸಲು ಅತ್ಯಂತ ಅಯೋಗ್ಯವಾದ ಜಾಗ ಅದನ್ನು ಬರೆದ ಕಂಪ್ಯೂಟರೇ. ಡಾಕರ್‌ನಂಥ ಸಾಧನಗಳಿಂದ ಏನೂ ಇಲ್ಲದ ಖಾಲಿ ಉಬುಂಟು ಪರಿಸರವೊಂದನ್ನು ಸುಲಭವಾಗಿ ತೆರೆಯಬಹುದು. ಅದರಲ್ಲಿ ಸೂಚನೆಯ ಸಾಲುಗಳನ್ನು ಪುಟದಿಂದಲೇ ನಕಲು ಮಾಡಿ ಹಾಕಬೇಕು, ನೆನಪಿನಿಂದ ಟೈಪ್ ಮಾಡಬಾರದು. ನೆನಪಿನಿಂದ ಟೈಪ್ ಮಾಡುವ ಕೈ ಪುಟದಲ್ಲಿರುವ ತಪ್ಪನ್ನು ಅರಿವಿಲ್ಲದೆಯೇ ತಿದ್ದಿಬಿಡುತ್ತದೆ.

ಒಮ್ಮೆ ಪರೀಕ್ಷಿಸಿದರೆ ಮುಗಿಯಿತು ಎನ್ನುವಂತೆಯೂ ಇಲ್ಲ. ಜಿಡಾಲ್ 3.2 ಮತ್ತು ಅದಕ್ಕಿಂತ ಹಳೆಯ ಬೈಂಡಿಂಗ್‌ಗಳು ಪೈಥಾನ್ 2ರ ಕೋಡನ್ನು 3ಕ್ಕೆ ಬದಲಾಯಿಸುವ ಒಂದು ಸೌಲಭ್ಯವನ್ನು ನೆಚ್ಚಿಕೊಂಡಿದ್ದವು. 2021ರ ಸೆಪ್ಟೆಂಬರಿನಲ್ಲಿ, ಪೈಥಾನ್ ಲೈಬ್ರರಿಗಳನ್ನು ಕಟ್ಟುವ ಸೆಟಪ್‌ಟೂಲ್ಸ್ ಎಂಬ ಸಾಧನ ತನ್ನ 58ನೇ ಆವೃತ್ತಿಯಲ್ಲಿ ಆ ಸೌಲಭ್ಯವನ್ನು ತೆಗೆದುಹಾಕಿತು. ಹಿಂದಿನ ದಿನದವರೆಗೆ ಸರಿಯಾಗಿ ನಡೆಯುತ್ತಿದ್ದ ಸೂಚನೆಗಳು, ಒಂದಕ್ಷರವೂ ಬದಲಾಗದೆ, ಸುಳ್ಳಾದವು. 2023ರಲ್ಲಿ ಉಬುಂಟು 23.04 ಮತ್ತು ಅದೇ ಬಗೆಯ ವ್ಯವಸ್ಥೆಯಾದ ಡೆಬಿಯನ್ 12 ಇನ್ನೊಂದು ಬದಲಾವಣೆ ತಂದವು: ವ್ಯವಸ್ಥೆಯದೇ ಪೈಥಾನ್‌ಗೆ ನೇರವಾಗಿ ಪಿಪ್ ಬಳಸಿ ಏನನ್ನಾದರೂ ಸೇರಿಸಲು ಹೋದರೆ ಅವು ತಡೆಯುತ್ತವೆ. ಆ ತಡೆಯನ್ನು ಮೀರುವ ಆಯ್ಕೆಯೊಂದು ಪಿಪ್‌ನಲ್ಲಿದೆ, ಅದನ್ನು ಸಲಹೆ ಮಾಡುವವರೂ ಇದ್ದಾರೆ. ಅದನ್ನು ಯಾವ ಅನುಸ್ಥಾಪನಾ ಸೂಚನೆಯಲ್ಲಿಯೂ ಬರೆಯಬಾರದು. ಓದುಗನ ಕಂಪ್ಯೂಟರಿನ ಉಳಿದ ಕೆಲಸಗಳನ್ನು ಕೆಡಿಸುವ ಹಕ್ಕು ನಮಗಿಲ್ಲ. ಪ್ರತ್ಯೇಕ ವರ್ಚುವಲ್ ಪರಿಸರವೊಂದನ್ನು ಮಾಡಿಕೊಳ್ಳಲು ಹೇಳಿದರೆ ಎರಡೇ ಸಾಲು ಹೆಚ್ಚಾಗುತ್ತವೆ.

ಕಾಲದ ಜೊತೆ ಹೀಗೆ ಸವೆಯುವ ಬರಹವನ್ನು ಕಾಯಲು ಮನುಷ್ಯರ ನೆನಪು ಸಾಲದು. ಸೂಚನೆಯ ಪುಟದಲ್ಲಿರುವ ಕಮಾಂಡುಗಳನ್ನೇ ಪ್ರತಿ ವಾರ ಖಾಲಿ ಪರಿಸರದಲ್ಲಿ ನಡೆಸಿ, ಬೆಂಗಳೂರಿನ ಆ ಎರಡು ಸಂಖ್ಯೆಗಳು ಬರುತ್ತವೆಯೇ ಎಂದು ನೋಡುವ ಕೆಲಸವನ್ನು ಯಂತ್ರಕ್ಕೆ ವಹಿಸಬೇಕು. ಕೋಡಿನ ಭಂಡಾರಗಳನ್ನು ನಡೆಸುವ ತಾಣಗಳು ಮುಕ್ತ ತಂತ್ರಾಂಶಗಳಿಗೆ ಇಂಥ ಸೌಲಭ್ಯವನ್ನು ಉಚಿತವಾಗಿಯೇ ಕೊಡುತ್ತವೆ. ಮುಕ್ತ ತಂತ್ರಾಂಶಗಳಿಗೆಂದೇ 2016ರಲ್ಲಿ ಆರಂಭವಾದ ‘ಜರ್ನಲ್ ಆಫ್ ಓಪನ್ ಸೋರ್ಸ್ ಸಾಫ್ಟ್‌ವೇರ್’ ಪತ್ರಿಕೆಯಲ್ಲಿ, ಬರೆದಿರುವ ಸೂಚನೆಯಂತೆಯೇ ತಂತ್ರಾಂಶ ಇನ್‌ಸ್ಟಾಲ್ ಆಗುತ್ತದೆಯೇ ಎಂದು ನೋಡುವುದು ವಿಮರ್ಶಕರ ಕೆಲಸದ ಭಾಗವೇ ಆಗಿದೆ. ಇತರ ಪತ್ರಿಕೆಗಳೂ ಇದನ್ನು ಅನುಸರಿಸಬೇಕೆಂಬುದು ನನ್ನ ಆಸೆ.

ಇನ್ನು ದಾರಿಯ ಆಯ್ಕೆ. ಒಂದೇ ತಂತ್ರಾಂಶಕ್ಕೆ ಐದಾರು ದಾರಿಗಳನ್ನು ಸಮಾನವೆಂಬಂತೆ ಪಟ್ಟಿಮಾಡಿದರೆ ಹೊಸಬರು ಎರಡನ್ನು ಬೆರೆಸಿ ತೊಂದರೆಗೆ ಸಿಲುಕುತ್ತಾರೆ. ಜಿಡಾಲ್‌ನ ಮಟ್ಟಿಗೆ ಹೆಚ್ಚಿನವರಿಗೆ ನಾನು ಮೊದಲು ಹೇಳುವುದು ಕಾಂಡಾ-ಫೋರ್ಜ್ ಎಂಬ ಭಂಡಾರದ ಮೂಲಕ ತರಿಸಿಕೊಳ್ಳಿ ಎಂದು, ಏಕೆಂದರೆ ಅಲ್ಲಿ ಲೈಬ್ರರಿ, ಬೈಂಡಿಂಗ್, ಪ್ರಾಜ್, ನಂಪೈ ನಾಲ್ಕೂ ಒಂದಕ್ಕೊಂದು ಹೊಂದುವಂತೆ ಮೊದಲೇ ಕಂಪೈಲ್ ಆಗಿ ಬರುತ್ತವೆ. ಉಳಿದ ದಾರಿಗಳು ಯಾರಿಗೆ, ಏಕೆ ಎಂದು ಒಂದು ಸಾಲಿನ ವಿವರಣೆಯೊಂದಿಗೆ ಕೆಳಗೆ ಬರಲಿ. ಎಷ್ಟು ಡೌನ್‌ಲೋಡ್ ಆಗುತ್ತದೆ, ಡಿಸ್ಕ್‌ನಲ್ಲಿ ಎಷ್ಟು ಜಾಗ ಬೇಕು, ಅಡ್ಮಿನ್ ಪಾಸ್‌ವರ್ಡ್ ಬೇಕೇ ಎಂಬುದು ಮೊದಲ ಕಮಾಂಡಿಗಿಂತ ಮುಂಚೆಯೇ ಇರಲಿ. ಕಾಲೇಜಿನ ಲ್ಯಾಬಿನಲ್ಲಿ ಕುಳಿತವರಿಗೆ ಅಥವಾ ಮೊಬೈಲ್ ಡೇಟಾ ನೆಚ್ಚಿಕೊಂಡವರಿಗೆ ಶುರು ಮಾಡಬೇಕೇ ಬೇಡವೇ ಎಂದು ನಿರ್ಧರಿಸಲು ಬೇಕಾದ ಮಾಹಿತಿ ಅದು.

ಕೊನೆಯದಾಗಿ ದೋಷದ ಸಂದೇಶಗಳು. ಸಾಮಾನ್ಯವಾಗಿ ಎದುರಾಗುವ ಸಂದೇಶಗಳನ್ನು ಪರದೆಯ ಮೇಲೆ ಬರುವ ಹಾಗೆಯೇ, ಒಂದು ಪದವನ್ನೂ ಬದಲಿಸದೆ ಪುಟದಲ್ಲಿ ಕೊಡಬೇಕು, ಏಕೆಂದರೆ ಸಿಕ್ಕಿಬಿದ್ದವರು ಹುಡುಕುವುದು ಆ ಪದಗಳನ್ನೇ. ಪ್ರತಿಯೊಂದರ ಕೆಳಗೆ ಕಾರಣ ಮೊದಲು, ಪರಿಹಾರ ಆಮೇಲೆ ಇರಲಿ. ಅಷ್ಟಾದರೂ ಬಗೆಹರಿಯದವರು ದೂರು ಸಲ್ಲಿಸುವಾಗ ಕೊಡಬೇಕಾದ ವಿವರಗಳು ನಾಲ್ಕು: ಆಪರೇಟಿಂಗ್ ಸಿಸ್ಟಂನ ಆವೃತ್ತಿ, ಪೈಥಾನ್‌ನ ಆವೃತ್ತಿ, ಮೂಲ ಲೈಬ್ರರಿ ಮತ್ತು ಬೈಂಡಿಂಗ್ ಎರಡರ ಆವೃತ್ತಿಗಳು, ಹಾಗೂ ದೋಷದ ಪೂರ್ತಿ ಪಠ್ಯ. ಇವನ್ನೆಲ್ಲ ಒಂದೇ ಸಲಕ್ಕೆ ಮುದ್ರಿಸುವ ಕಮಾಂಡೊಂದನ್ನು ಬರೆದುಕೊಟ್ಟರೆ ದೂರು ಬರೆಯುವವರ ಶ್ರಮವೂ ಉಳಿಯುತ್ತದೆ, ಅದನ್ನು ಓದಿ ಸೂಚನೆಯನ್ನು ತಿದ್ದುವವರ ಶ್ರಮವೂ ಉಳಿಯುತ್ತದೆ.