‘ಟರ್ನ್ ಎ ಬ್ಲೈಂಡ್ ಐ’ ನೆಲ್ಸನ್‌ನಿಂದ ಬಂದ ಮಾತೇ?

ಪ್ರಶ್ನೆ: ಇಂಗ್ಲಿಷಿನ ‘ಟರ್ನ್ ಎ ಬ್ಲೈಂಡ್ ಐ’ ಅನ್ನೋ ಮಾತು ಬ್ರಿಟನ್ನಿನ ನೌಕಾಪಡೆಯ ಅಡ್ಮಿರಲ್ ನೆಲ್ಸನ್‌ನ ಕಾಣದ ಕಣ್ಣಿನಿಂದ ಬಂತು ಅಂತಾರೆ. ನಿಜವೇ?

ಉತ್ತರ: ಕಾದಾಟದ ನಡುವೆ ಬಂದ ಆಜ್ಞೆಯನ್ನು ಅವನು ಪಾಲಿಸದೆ ಇದ್ದ ಘಟನೆ ನಿಜ. ಆದರೆ ಮಾತು ಅವನದಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನಲ್ಲಿ 1698ರ ಬಳಕೆಯೇ ಸಿಗುತ್ತದೆ. ನೆಲ್ಸನ್ ಹುಟ್ಟಿದ್ದು 1758ರಲ್ಲಿ. ಮೊದಲೇ ಇದ್ದ ಮಾತಿಗೆ ಅವನ ಕಥೆ ಬಂದು ಅಂಟಿಕೊಂಡಿತು, ಈಗ ಎರಡನ್ನೂ ಬಿಡಿಸುವುದು ಕಷ್ಟ.

ತಪ್ಪು ನಡೆಯುತ್ತಿದೆ ಅಂತ ಗೊತ್ತಿದ್ದೂ ಕಾಣದವರ ಹಾಗೆ ಇದ್ದುಬಿಡುವುದು ಈ ಮಾತಿನ ಅರ್ಥ. ನಮ್ಮ ‘ಜಾಣ ಕುರುಡು’ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇನ್ನು ಕಥೆಗೆ ಬರೋಣ. 1794ರಲ್ಲಿ ಕಾರ್ಸಿಕಾ ದ್ವೀಪದ ಕಾಲ್ವಿಯಲ್ಲಿ ಕಾದಾಟ ನಡೆದಿತ್ತು. ಶತ್ರುವಿನ ಗುಂಡು ಹತ್ತಿರದಲ್ಲೇ ಬಿದ್ದು, ಸಿಡಿದ ಮರಳು ಕಲ್ಲು ನೆಲ್ಸನ್‌ನ ಬಲಗಣ್ಣಿಗೆ ಹೊಡೆಯಿತು. ಆ ಕಣ್ಣಿನ ದೃಷ್ಟಿ ಹೆಚ್ಚುಕಡಿಮೆ ಹೋಯಿತು. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇತ್ತು. ಕೆಲವು ಚಿತ್ರಗಳಲ್ಲಿ ಕಾಣುವ ಕಪ್ಪು ಪಟ್ಟಿ ಕಟ್ಟುಕಥೆ.

1801ರ ಏಪ್ರಿಲ್ 2. ಫ್ರಾನ್ಸ್ ಜೊತೆ ಯುದ್ಧದಲ್ಲಿದ್ದ ಬ್ರಿಟನ್, ಯಾವ ಪಕ್ಷಕ್ಕೂ ಸೇರದ ದೇಶಗಳ ಹಡಗುಗಳನ್ನೂ ಸಮುದ್ರದಲ್ಲಿ ತಡೆದು ಹುಡುಕುತ್ತಿತ್ತು. ಇದನ್ನು ವಿರೋಧಿಸಿ ರಷ್ಯಾ, ಸ್ವೀಡನ್, ಪ್ರಷ್ಯಾ ಜೊತೆ ಡೆನ್ಮಾರ್ಕ್ ಕೂಡ ಒಂದಾಗಿತ್ತು. ಆ ಒಕ್ಕೂಟ ಮುರಿಯಲು ಬ್ರಿಟನ್ನಿನ ಹಡಗುಪಡೆ ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ಗೆ ಬಂತು. ಪಡೆಯ ಮುಖ್ಯಸ್ಥ ಸರ್ ಹೈಡ್ ಪಾರ್ಕರ್. ನೆಲ್ಸನ್ ಅವನ ಕೈಕೆಳಗೆ ಎರಡನೆಯವನು. ನಗರದ ಮುಂದಿನ ಕಡಲು ಆಳವಿಲ್ಲದ್ದು, ದೊಡ್ಡ ಹಡಗುಗಳಿಗೆ ಅಪಾಯ. ಹಾಗಾಗಿ ಪಾರ್ಕರ್ ದೂರದಲ್ಲೇ ನಿಂತ. ನೆಲ್ಸನ್ ಸ್ವಲ್ಪ ಹಗುರ ಹಡಗುಗಳನ್ನು ಕಟ್ಟಿಕೊಂಡು ಒಳಗೆ ನುಗ್ಗಿದ.

ಶುರುವಿನಲ್ಲೇ ಮೂರು ಹಡಗು ಮರಳದಿಬ್ಬಕ್ಕೆ ಸಿಕ್ಕಿಕೊಂಡವು. ಡೆನ್ಮಾರ್ಕಿನವರು ಬಿಡದೆ ಗುಂಡು ಹಾರಿಸಿದರು. ದೂರದಿಂದ ಹೊಗೆಯನ್ನಷ್ಟೇ ಕಂಡ ಪಾರ್ಕರ್, ಮಧ್ಯಾಹ್ನದ ಹೊತ್ತಿಗೆ 39ನೇ ನಂಬರಿನ ಬಾವುಟ ಏರಿಸಿದ. ಅದರ ಅರ್ಥ: ಕಾದಾಟ ನಿಲ್ಲಿಸಿ.

ಸಂಕೇತ ಬಂದಿದೆ ಅಂತ ನೆಲ್ಸನ್‌ಗೆ ತಿಳಿಸಿದರು. ಅವನು ಇನ್ನೂ ಒತ್ತಿ ಹೋರಾಡಿ ಅನ್ನುವ ತನ್ನ 16ನೇ ನಂಬರಿನ ಬಾವುಟ ಇಳಿಸಬೇಡಿ ಅಂದ. ಪಕ್ಕದಲ್ಲಿದ್ದ ಕ್ಯಾಪ್ಟನ್ ಫೋಲಿಗೆ, ‘ನನಗಿರೋದು ಒಂದೇ ಕಣ್ಣು, ಒಮ್ಮೊಮ್ಮೆ ಕುರುಡನಾಗೋ ಹಕ್ಕು ನನಗಿದೆ’ ಅಂತ ಹೇಳಿ, ದುರ್ಬೀನನ್ನು ಕಾಣದ ಕಣ್ಣಿಗೆ ಹಿಡಿದು, ‘ನನಗೆ ನಿಜವಾಗಿಯೂ ಆ ಸಂಕೇತ ಕಾಣ್ತಿಲ್ಲ’ ಅಂದನಂತೆ.

‘ಅಂತೆ’ ಅಂದದ್ದಕ್ಕೆ ಕಾರಣ ಇದೆ. ಇದನ್ನು ಹೇಳಿದ್ದು ಅದೇ ಹಡಗಿನಲ್ಲಿದ್ದ ಕರ್ನಲ್ ವಿಲಿಯಂ ಸ್ಟೂವರ್ಟ್. ದುರ್ಬೀನಿನ ಪ್ರಸಂಗ ಅಚ್ಚಿನಲ್ಲಿ ಬಂದದ್ದು 1809ರಲ್ಲಿ, ನೆಲ್ಸನ್ ಸತ್ತ ಮೇಲೆ. ಸಂಕೇತವನ್ನು ಅವನು ಪಾಲಿಸಲಿಲ್ಲ ಅನ್ನುವುದರಲ್ಲಿ ಮಾತ್ರ ಅನುಮಾನ ಇಲ್ಲ. ಆ ದಿನ ಬ್ರಿಟನ್ ಗೆದ್ದಿತು. ಕೆಲವೇ ವಾರಗಳಲ್ಲಿ ಪಾರ್ಕರನನ್ನು ವಾಪಸ್ ಕರೆಸಿ, ಪಡೆಯನ್ನು ನೆಲ್ಸನ್‌ಗೆ ಒಪ್ಪಿಸಿದರು.

ಈ ಕಥೆಯನ್ನು ತಮಾಷೆಯ ಪ್ರಸಂಗದ ಹಾಗೆ ಹೇಳಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಹಡಗುಗಳ ಮುಖ್ಯಸ್ಥ ಕ್ಯಾಪ್ಟನ್ ಎಡ್ವರ್ಡ್ ರಿಯೂ ಅದೇ ಬಾವುಟ ಕಂಡು ಆಜ್ಞೆ ಪಾಲಿಸಿದ. ‘ನೆಲ್ಸನ್ ನಮ್ಮ ಬಗ್ಗೆ ಏನಂದುಕೊಂಡಾನು’ ಅಂತ ನೊಂದುಕೊಂಡೇ ಹಡಗು ತಿರುಗಿಸಿದ. ಹಿಂದೆ ಸರಿಯುವಾಗಲೇ ಗುಂಡು ತಾಗಿ ಸತ್ತ. ನೆಲ್ಸನ್ ಕೂಡ ಆ ಹೊತ್ತಿನಲ್ಲಿ ಹಿಂದೆ ಸರಿಯಲು ಹೋಗಿದ್ದರೆ ಇನ್ನೆಷ್ಟು ಹಡಗು ದಿಬ್ಬಕ್ಕೆ ಸಿಕ್ಕು ಎಷ್ಟು ಜನ ಸಾಯುತ್ತಿದ್ದರೋ. ಸೋತಿದ್ದರೆ ಆಜ್ಞೆ ಮೀರಿದ್ದಕ್ಕೆ ಸೇನಾ ವಿಚಾರಣೆ ಎದುರಿಸಬೇಕಾಗುತ್ತಿತ್ತು. ಆ ಹೊಣೆ ಹೊತ್ತೇ ಅವನು ಕಾಣಲಿಲ್ಲ ಅಂದದ್ದು. ಇವತ್ತು ನಾವು ಈ ಮಾತು ಬಳಸುವುದು ಜಾಸ್ತಿ ಹೊಣೆಯಿಂದ ಜಾರಿಕೊಳ್ಳುವವರಿಗೆ: ಕೆರೆ ಒತ್ತುವರಿ ಕಂಡೂ ಸುಮ್ನಿರುವ ಅಧಿಕಾರಿಗೆ, ಮಕ್ಕಳ ಜಗಳ ನೋಡಿಯೂ ನೋಡದ ಮೇಷ್ಟರಿಗೆ.

ಬಳಸುವಾಗ ಒಂದು ವಿಷಯ ನೆನಪಿರಲಿ. ಈ ಮಾತಿಗೆ ‘ಗೊತ್ತಿದ್ದೂ’ ಅನ್ನುವುದು ಇರಲೇಬೇಕು. ಸುಮ್ನೆ ಗಮನ ತಪ್ಪಿದವರಿಗೆ, ವಿಷಯವೇ ತಿಳಿಯದವರಿಗೆ ಇದನ್ನು ಹೇಳಿದರೆ ಅದು ಆರೋಪವಾಗುತ್ತದೆ.