ಟೈಪ್‌ಕಾಸ್ಟ್: ಮೈಗಂಟಿದ ಖಾಕಿ

ಒಬ್ಬ ನಟನಿಗೆ ಮತ್ತೆ ಮತ್ತೆ ಒಂದೇ ತರಹದ ಪಾತ್ರ ಕೊಡುವುದಕ್ಕೆ ಟೈಪ್‌ಕಾಸ್ಟ್ ಮಾಡುವುದು ಅನ್ನುತ್ತಾರೆ. ಅಳುವ ತಾಯಿ, ಡಾಕ್ಟರ್, ಊರ ಗೌಡ, ವಿಲನ್ನಿನ ಬಂಟ, ಯಾವುದಾದರೂ ಆಗಬಹುದು. ಆದರೆ ಖಾಕಿ ಅಂಟಿಕೊಂಡಷ್ಟು ಗಟ್ಟಿಯಾಗಿ ಬೇರೆ ಯಾವುದೂ ಅಂಟುವುದಿಲ್ಲ.

ಹಿಂದಿಯ ಪೋಷಕ ನಟ ಜಗದೀಶ್ ರಾಜ್ ಅವರ ಹೆಸರು ಕೇಳಿದರೆ ನಿಮಗೆ ಗುರುತು ಸಿಗದಿರಬಹುದು. ಮುಖ ನೋಡಿದರೆ 'ಓ, ಆ ಇನ್ಸ್‌ಪೆಕ್ಟರ್ ಅಲ್ವಾ?' ಅಂತೀರಿ. 144 ಸಿನಿಮಾಗಳಲ್ಲಿ ಪೊಲೀಸ್ ಪಾತ್ರ ಮಾಡಿ, ಅತಿ ಹೆಚ್ಚು ಟೈಪ್‌ಕಾಸ್ಟ್ ಆದ ನಟ ಎಂದು ಗಿನ್ನೆಸ್ ದಾಖಲೆ ಸೇರಿದವರು. 2013ರಲ್ಲಿ ತೀರಿಕೊಂಡರು. ಇವರ ಮಗಳೇ ನಟಿ ಅನಿತಾ ರಾಜ್.

ಅಷ್ಟೊಂದು ಸಲ ಅವರನ್ನೇ ಯಾಕೆ ಕರೆದರು? ಇಂಥ ಪಾತ್ರಗಳಿಗೆ ಪರದೆಯ ಮೇಲೆ ಪುರುಸೊತ್ತೇ ಇರುವುದಿಲ್ಲ. ಇನ್ಸ್‌ಪೆಕ್ಟರ್ ಬರುತ್ತಾನೆ, ವಾರಂಟ್ ತೋರಿಸುತ್ತಾನೆ, ಬೇಡಿ ಹಾಕಿ ಕರೆದುಕೊಂಡು ಹೋಗುತ್ತಾನೆ. ಅವನಿಗೆ ಮನೆಯಿಲ್ಲ, ಹೆಂಡತಿಯಿಲ್ಲ, ಎಷ್ಟೋ ಸಲ ಹೆಸರೂ ಇಲ್ಲ. ಜನ ನೋಡಿದ ಕೂಡಲೇ ನಂಬಬೇಕು, ಅಷ್ಟೇ. ಹೋದ ವಾರ ಇನ್ನೊಂದು ಸಿನಿಮಾದಲ್ಲಿ ಖಾಕಿಯಲ್ಲಿ ಕಂಡ ಮುಖವೇ ಬಂದರೆ ನಿರ್ದೇಶಕನ ಅರ್ಧ ಕೆಲಸ ಮುಗಿದ ಹಾಗೆ.

ಹೀರೋ ಖಾಕಿ ತೊಟ್ಟರೆ ಲೆಕ್ಕ ಬೇರೆ. 'ಪೊಲೀಸ್ ಸ್ಟೋರಿ' (1996) ಆದಮೇಲೆ ಸಾಯಿಕುಮಾರ್ ಅವರಿಗೂ ಆ ಇಮೇಜ್ ಬಂತು, ನಿಜ. ಆದರೆ ಅಲ್ಲಿ ಇಡೀ ಕಥೆ ಅಗ್ನಿ ಎಂಬ ಪೊಲೀಸನದೇ. ಪೋಷಕ ನಟನಿಗೆ ಸಿಗುವುದು ಸುಮ್ನೆ ಬೇರೆಯವರ ಕಥೆಯೊಳಗೆ ಬಂದು ಹೋಗುವ ಕೆಲಸ.

ಹಾಗಂತ ಟೈಪ್‌ಕಾಸ್ಟ್ ಅನ್ನುವುದನ್ನು ಬೈಗುಳದಂತೆ ಬಳಸುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕೆಲಸವೇ ಸಿಗದೆ ಕೂತ ನಟರು ಜಾಸ್ತಿ ಇರುವ ಕಡೆ, ಕರೆ ಬರುತ್ತಲೇ ಇರುವುದು ಸಣ್ಣ ಮಾತಲ್ಲ. ನಷ್ಟ ಬೇರೆ ಕಡೆ ಇದೆ. ಹಿಂದಿಯ ಇನ್ನೊಬ್ಬ ಪೋಷಕ ನಟ ಇಫ್ತಿಕಾರ್ 'ಜಂಜೀರ್'ನಲ್ಲಿ (1973) ಪೊಲೀಸ್ ಕಮಿಷನರ್, 'ಡಾನ್'ನಲ್ಲಿ (1978) ಡಿಎಸ್‌ಪಿ. ಇವೆರಡರ ನಡುವೆ ಬಂದ 'ದೀವಾರ್'ನಲ್ಲಿ (1975) ಅವರೇ ಸ್ಮಗ್ಲರ್! ಮಾತಿನಲ್ಲಿ ಅದೇ ಸಮಾಧಾನ, ಅದೇ ಗತ್ತು. ಕಳ್ಳಸಾಗಣೆಯವನಿಗೂ ಅದು ಎಷ್ಟು ಚೆನ್ನಾಗಿ ಒಪ್ಪುತ್ತದೆ ನೋಡಿ. ಆದರೂ ಅವರ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಪೊಲೀಸ್ ಅಧಿಕಾರಿಯೇ.

ಟಿವಿಯಲ್ಲಿ ಈ ಅಂಟು ಇನ್ನೂ ಜೋರು. ಅಲ್ಲಿ ಬೇರೆ ಬೇರೆ ಇನ್ಸ್‌ಪೆಕ್ಟರ್‌ಗಳಲ್ಲ, ವರ್ಷಗಟ್ಟಲೆ ಒಬ್ಬನೇ ಇನ್ಸ್‌ಪೆಕ್ಟರ್. 1998ರಲ್ಲಿ ಶುರುವಾದ 'ಸಿಐಡಿ'ಯಿಂದ ಶಿವಾಜಿ ಸಾಟಂ ದೇಶಕ್ಕೆಲ್ಲ ಎಸಿಪಿ ಪ್ರದ್ಯುಮ್ನ ಆದರು. ಅದೇ ಧಾರಾವಾಹಿಯಲ್ಲಿ ಬಾಗಿಲು ಒಡೆಯುವ ದಯಾ ನಮ್ಮ ಕರಾವಳಿಯವರು, ಉಡುಪಿ ಹತ್ತಿರದ ಕಟಪಾಡಿ ಮೂಲದ ದಯಾನಂದ ಶೆಟ್ಟಿ. 2014ರ 'ಸಿಂಗಂ ರಿಟರ್ನ್ಸ್'ನಲ್ಲಿ ಅವರಿಗೆ ಮತ್ತೆ ಪೊಲೀಸ್ ಪಾತ್ರವೇ ಸಿಕ್ಕಿತು. ಪಾತ್ರದ ಹೆಸರು? ಇನ್ಸ್‌ಪೆಕ್ಟರ್ ದಯಾ.